ಮಾತ್ರೆ ನಿಂತ ಮೇಲೆ ಕಾವಲು ಯಾರದು? ಸಿಎಂಎಲ್ ಮತ್ತು ನಮ್ಮದೇ ರೋಗನಿರೋಧಕ ಕೋಶಗಳು

ಪಕ್ಕದ ಬೀದಿಯ ಟೀಚರೊಬ್ಬರು ಹೋದ ವರ್ಷ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದು ನಮ್ಮ ಮನೆಗೆ ಬಂದಿದ್ದರು. ಒಳಗೆ ಒಂಬತ್ತು ವರ್ಷದ ರಕ್ತಪರೀಕ್ಷೆಯ ರಿಪೋರ್ಟುಗಳು, ತಾರೀಖಿನ ಪ್ರಕಾರ ಜೋಡಿಸಿದ್ದವು. ಮೇಲಿನ ಹಾಳೆಯಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಬಿಸಿಆರ್-ಎಬಿಎಲ್ ಪತ್ತೆಯಾಗಿಲ್ಲ ಅಂತ ಇತ್ತು ಆ ಸಾಲು. ಬಿಸಿಆರ್-ಎಬಿಎಲ್ ಅಂದರೆ ಅವರ ಕ್ಯಾನ್ಸರಿನ ಗುರುತು. "ಪತ್ತೆಯಾಗಿಲ್ಲ ಅಂದ್ರೆ ಸೊನ್ನೆ ಅಂತಾನೇ ಅಲ್ವಾ ಅಣ್ಣಾ? ಹಾಗಾದ್ರೆ ಇನ್ನು ಮಾತ್ರೆ ಯಾಕೆ?" ಎಂದು ಕೇಳಿದರು.

ಅವರಿಗೆ 29ನೇ ವಯಸ್ಸಿನಲ್ಲಿ ಸಿಎಂಎಲ್ ಬಂದಿತ್ತು. ಪೂರ್ತಿ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ನಿಧಾನಕ್ಕೆ ಬೆಳೆಯುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್ ಇದು. ಅಂದಿನಿಂದ ದಿನಾ ರಾತ್ರಿ ಊಟದ ಜೊತೆ 400 ಮಿಲಿಗ್ರಾಂನ ಒಂದು ಇಮ್ಯಾಟಿನಿಬ್ ಮಾತ್ರೆ, ಮೇಲೆ ದೊಡ್ಡ ಲೋಟ ನೀರು. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ರಾತ್ರಿ ಇದ್ದಕ್ಕಿದ್ದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮಗು ಬೇಕು ಅನ್ನುವ ಆಸೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಬಂದಿದ್ದಾರೆ. ಗರ್ಭದಲ್ಲಿರುವ ಮಗುವಿಗೆ ಈ ಔಷಧಿ ಅಪಾಯ.

ಅವರ ಮೊದಲ ಪ್ರಶ್ನೆಗೆ ಉತ್ತರ: ಅಲ್ಲ, ಅದು ಸೊನ್ನೆ ಅಲ್ಲ. ಎರಡನೆಯದಕ್ಕೆ: ಆದರೂ ಮಾತ್ರೆ ನಿಲ್ಲಿಸಿ ನೋಡುವ ದಾರಿ ಇದೆ. ಕೇಳಿದ ತಕ್ಷಣ ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಅನ್ನಿಸುತ್ತದೆ. ಕ್ಯಾನ್ಸರಿನ ಗುರುತು ದೇಹದಲ್ಲಿ ಉಳಿದಿರುವಾಗಲೂ ಮಾತ್ರೆ ಇಲ್ಲದೆ ವರ್ಷಗಟ್ಟಲೆ ಆರಾಮಾಗಿ ಇರುವವರಿದ್ದಾರೆ. ಅವರ ಒಳಗೆ ಅದನ್ನು ತಡೆದು ಹಿಡಿದಿರುವುದು ಏನು? ಕಳೆದ ಹದಿನೈದು ವರ್ಷದಲ್ಲಿ ಸಂಶೋಧಕರು ಅತಿ ಜಾಸ್ತಿ ಬೆರಳು ತೋರಿಸಿರುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕಡೆಗೆ. ಅದರಲ್ಲೂ ಒಂದು ಬಗೆಯ ಬಿಳಿ ರಕ್ತಕಣದ ಕಡೆಗೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ಒಂದು ಪುಟ್ಟ, ಮೊಟಕಾದ ಕ್ರೋಮೋಸೋಮ್ ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು. 9ನೇ ಮತ್ತು 22ನೇ ಕ್ರೋಮೋಸೋಮುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿದ್ದವು. ಬೆಸೆದುಕೊಂಡ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನು ತಾನಾಗಿ ಆರದ ಸ್ವಿಚ್ಚಿನಂತೆ. ಮೂಳೆಮಜ್ಜೆಗೆ ಸದಾ "ಬೆಳೆ, ಬೆಳೆ" ಎಂದು ಹೇಳುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಆ ಸ್ವಿಚ್ಚನ್ನು ಆರಿಸುತ್ತದೆ. 2001ರ ಮೇ ತಿಂಗಳಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಔಷಧಿಯ ಮುಖ್ಯ ಪರೀಕ್ಷೆಯಲ್ಲಿ ಇಮ್ಯಾಟಿನಿಬ್‌ನಿಂದಲೇ ಶುರುಮಾಡಿದವರಲ್ಲಿ ಹತ್ತು ವರ್ಷದ ನಂತರ ನೂರಕ್ಕೆ 83 ಮಂದಿ ಬದುಕಿದ್ದರು. ಅದಕ್ಕೆ ಮೊದಲು ಸಿಎಂಎಲ್ ಅಂದರೆ ಕೆಲವೇ ವರ್ಷಗಳ ಮಾತಾಗಿತ್ತು.

ನಮ್ಮ ದೇಶಕ್ಕೆ ಈ ಮಾತ್ರೆಯ ಜೊತೆ ಇನ್ನೊಂದು ನಂಟಿದೆ. ನೋವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಲ್ಲಿ ಮಾರುವ ಇಮ್ಯಾಟಿನಿಬ್‌ಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಭಾರತದ ಜೆನೆರಿಕ್ ಮಾತ್ರೆಗೆ ಅದರ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿದ್ದರಿಂದಲೇ ಆ ಕಡಿಮೆ ಬೆಲೆ ಉಳಿಯಿತು. ಟೀಚರ್ ಒಂಬತ್ತು ವರ್ಷ ಮಾತ್ರೆ ತಪ್ಪಿಸದೆ ನುಂಗಲು ಆದದ್ದರ ಹಿಂದೆ ಆ ತೀರ್ಪೂ ಇದೆ.

ಆದರೆ ಮಾತ್ರೆ ಸ್ವಿಚ್ ಆರಿಸುತ್ತದೆಯೇ ಹೊರತು ಬೇರು ಕೀಳುವುದಿಲ್ಲ. ಹೊಲದಲ್ಲಿ ಗರಿಕೆ ಸವರಿದ ಹಾಗೆ. ಮೇಲೆ ನೆಲ ಸ್ವಚ್ಛ, ಬೇರು ಕೆಳಗೇ ಇರುತ್ತದೆ. ಸಿಎಂಎಲ್‌ನ ಬೇರು ಅಂದರೆ ಮೂಳೆಮಜ್ಜೆಯಲ್ಲಿ ನಿದ್ದೆಯಲ್ಲಿರುವ ಸ್ಟೆಮ್ ಸೆಲ್‌ಗಳು, ಅಂದರೆ ಉಳಿದ ರಕ್ತಕಣಗಳನ್ನು ಹುಟ್ಟಿಸುವ ತಾಯಿಕೋಶಗಳು. ಅವು ಬದುಕಲು ಬಿಸಿಆರ್-ಎಬಿಎಲ್ ಸ್ವಿಚ್ಚನ್ನೇ ನೆಚ್ಚಿಕೊಂಡಿಲ್ಲ ಎಂದು 2011ರಲ್ಲಿ ಬ್ರಯಾನ್ ಡ್ರೂಕರ್ ತಂಡವೇ ತೋರಿಸಿತು. ಇಮ್ಯಾಟಿನಿಬ್ ಅನ್ನು ರೋಗಿಗಳ ತನಕ ತಂದ ಡ್ರೂಕರ್ ಇವರೇ. ಹಾಗಾಗಿ ಡಾಕ್ಟರುಗಳು ಮೊದಲಿಂದಲೂ ಹೇಳುತ್ತಿದ್ದುದು ಒಂದೇ ಮಾತು: ಮಾತ್ರೆ ಜೀವನಪೂರ್ತಿ.

ನಿಲ್ಲಿಸಿ ನೋಡಿದವರು

ಆ ಮಾತನ್ನು ಮೊದಲು ಪರೀಕ್ಷೆಗೆ ಒಡ್ಡಿದ್ದು ಫ್ರಾನ್ಸಿನವರು. 2007ರಲ್ಲಿ 12 ರೋಗಿಗಳ ಒಂದು ಸಣ್ಣ ವರದಿ ಬಂತು. ಎರಡು ವರ್ಷಕ್ಕೂ ಜಾಸ್ತಿ ಕಾಲ ರಕ್ತದಲ್ಲಿ ಬಿಸಿಆರ್-ಎಬಿಎಲ್ ಕಾಣದವರಿಗೆ ಮಾತ್ರೆ ನಿಲ್ಲಿಸಿದ್ದರು. ಆರು ಜನರಲ್ಲಿ ಅದು ಮರಳಿತು. ಉಳಿದ ಆರು ಜನರಲ್ಲಿ ಮರಳಲಿಲ್ಲ. ಆ ಆರು ಜನ ಎಲ್ಲರ ಲೆಕ್ಕಾಚಾರ ತಲೆಕೆಳಗು ಮಾಡಿದರು.

ಆಮೇಲೆ ಬೋರ್ಡೋ ನಗರದ ಮಾಹೋನ್ ಅವರ ಮುಂದಾಳತ್ವದಲ್ಲಿ ಸ್ಟಿಮ್ ಎಂಬ ದೊಡ್ಡ ಪರೀಕ್ಷೆ ನಡೆಯಿತು. 100 ರೋಗಿಗಳು, 2010ರಲ್ಲಿ ಫಲಿತಾಂಶ. ಒಂದು ವರ್ಷದ ನಂತರವೂ ಮಾತ್ರೆ ಇಲ್ಲದೆ ರೋಗ ಮರಳದವರು ನೂರಕ್ಕೆ 41. ಕನಿಷ್ಠ ಒಂದು ವರ್ಷ ಗಮನಿಸಿದ 69 ಜನರ ಲೆಕ್ಕವನ್ನು ಹತ್ತಿರದಿಂದ ನೋಡಿ. 42 ಮಂದಿಯಲ್ಲಿ ರೋಗದ ಗುರುತು ಮರಳಿತ್ತು. ಅದರಲ್ಲಿ 40 ಮಂದಿಗೆ ಮರಳಿದ್ದು ಮೊದಲ ಆರು ತಿಂಗಳೊಳಗೆ. ಒಬ್ಬರಿಗೆ ಏಳನೇ ತಿಂಗಳು, ಇನ್ನೊಬ್ಬರಿಗೆ ಹತ್ತೊಂಬತ್ತನೇ ತಿಂಗಳು. ಮರಳಿದವರಿಗೆ ಮತ್ತೆ ಮಾತ್ರೆ ಕೊಟ್ಟಾಗ ಅದು ಮೊದಲಿನಂತೆಯೇ ಕೆಲಸ ಮಾಡಿತು.

ನನಗೆ ಈ 40 ಎಂಬ ಸಂಖ್ಯೆ ತುಂಬ ಮುಖ್ಯ ಅನ್ನಿಸುತ್ತದೆ. ಉಳಿದ ಕ್ಯಾನ್ಸರ್ ಕೋಶಗಳು ಎಲ್ಲರಲ್ಲೂ ಒಂದೇ ಥರ ಸುಮ್ಮನೆ ಬೆಳೆಯುತ್ತಾ ಹೋಗುವುದಾಗಿದ್ದರೆ ಇವತ್ತಲ್ಲ ನಾಳೆ ಎಲ್ಲರಲ್ಲೂ ಮರಳಬೇಕಿತ್ತು. ಕಡಿಮೆ ಉಳಿದವರಿಗೆ ತಡವಾಗಿ, ಜಾಸ್ತಿ ಉಳಿದವರಿಗೆ ಬೇಗ. ಹಾಗಾಗಲಿಲ್ಲ. ಆರು ತಿಂಗಳ ಹತ್ತಿರ ಗ್ರಾಫಿನ ರೇಖೆ ಸಪಾಟಾಯಿತು. ಒಂದೋ ಬೇಗ ಮರಳುತ್ತದೆ, ಇಲ್ಲವೇ ಬಹಳ ಕಾಲ ಸುಮ್ಮನಿರುತ್ತದೆ. ಅಂದರೆ ಕೆಲವರ ದೇಹದಲ್ಲಿ ಏನೋ ತಡೆ ಇದೆ, ಇನ್ನು ಕೆಲವರಲ್ಲಿ ಇಲ್ಲ.

ಯೂರೋಪಿನ 11 ದೇಶಗಳಲ್ಲಿ ನಡೆದ ಯೂರೋ-ಸ್ಕಿ ಪರೀಕ್ಷೆಯಲ್ಲೂ ಇದೇ ಚಿತ್ರ. ಏಳುನೂರಕ್ಕೂ ಹೆಚ್ಚು ರೋಗಿಗಳು. ಆರು ತಿಂಗಳಿಗೆ ನೂರಕ್ಕೆ 61 ಮಂದಿ, ಎರಡು ವರ್ಷಕ್ಕೆ ಸುಮಾರು 50 ಮಂದಿ ಮಾತ್ರೆ ಇಲ್ಲದೆ ಚೆನ್ನಾಗಿದ್ದರು. ಮಾತ್ರೆ ತೆಗೆದುಕೊಂಡ ವರ್ಷ ಜಾಸ್ತಿಯಾದಷ್ಟೂ, ಆಳವಾದ ರೆಮಿಷನ್‌ನಲ್ಲಿ, ಅಂದರೆ ರೋಗ ಅಡಗಿರುವ ಸ್ಥಿತಿಯಲ್ಲಿ ಇದ್ದ ಕಾಲ ಜಾಸ್ತಿಯಾದಷ್ಟೂ ಗೆಲ್ಲುವ ಸಾಧ್ಯತೆ ಜಾಸ್ತಿ. ಆದರೆ ಹತ್ತು ವರ್ಷ ಮಾತ್ರೆ ನುಂಗಿದ ಇಬ್ಬರನ್ನು ಪಕ್ಕಪಕ್ಕ ಕೂರಿಸಿ ಯಾರಲ್ಲಿ ಮರಳುತ್ತದೆ, ಯಾರಲ್ಲಿ ಇಲ್ಲ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಪತ್ತೆಯಾಗಿಲ್ಲ ಅಂದರೆ

ಕೊರೋನಾ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಹೆಸರು ಮನೆಮನೆಗೂ ಬಂತಲ್ಲ, ಸಿಎಂಎಲ್ ಅಳೆಯುವುದೂ ಅದೇ ವಿಧಾನದಿಂದ. ವೈರಸ್ಸಿನ ಬದಲು ಬಿಸಿಆರ್-ಎಬಿಎಲ್ ಆರ್‌ಎನ್‌ಎಯನ್ನು ಹುಡುಕುತ್ತಾರೆ. ಶೇಕಡಾ 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಳ್ಳೆಯ ಮಟ್ಟ. 0.01ಕ್ಕೆ ಇಳಿದರೆ ಎಂಆರ್4. 0.0032ಕ್ಕೆ ಇಳಿದರೆ ಎಂಆರ್4.5. ಮಾತ್ರೆ ನಿಲ್ಲಿಸುವ ಮಾತು ಬರುವುದು ಈ ಕೊನೆಯ ಎರಡು ಮಟ್ಟದಲ್ಲಿ ವರ್ಷಗಟ್ಟಲೆ ಇದ್ದವರಿಗೆ.

ಟೀಚರಿಗೆ ನಾನು ಹೇಳಿದ ಉದಾಹರಣೆ ಅಕ್ಕಿಯದು. ಮೂಟೆಯಿಂದ ಒಂದು ಹಿಡಿ ಅಕ್ಕಿ ಮೊರದಲ್ಲಿ ಹರಡಿ ನೋಡುತ್ತೀರಿ. ಕಲ್ಲಿಲ್ಲ. ಆ ಹಿಡಿಯಲ್ಲಿ ಕಲ್ಲಿಲ್ಲ, ಅಷ್ಟೇ. ಎಷ್ಟು ದೊಡ್ಡ ಹಿಡಿ ನೋಡಿದಿರಿ ಅನ್ನುವುದೂ ಮುಖ್ಯ. ಪಿಸಿಆರ್ ರಿಪೋರ್ಟಿನಲ್ಲಿ ಆ ಹಿಡಿಯ ಅಳತೆ ಇರುತ್ತದೆ, ಯಾರೂ ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಅದು ಎಬಿಎಲ್ ಕಂಟ್ರೋಲ್ ಜೀನಿನ ಸಂಖ್ಯೆ, ಅಂದರೆ ಹೋಲಿಕೆಗೆಂದು ಅಳೆಯುವ ಎಬಿಎಲ್ ಜೀನಿನ ಪ್ರತಿಗಳು ಎಷ್ಟು ಸಿಕ್ಕಿದವು ಎಂಬುದು. "ಪತ್ತೆಯಾಗಿಲ್ಲ" ಎಂಬುದನ್ನು ಎಂಆರ್4 ಎಂದು ಒಪ್ಪಬೇಕಾದರೆ ಆ ಸಂಖ್ಯೆ ಕನಿಷ್ಠ 10,000 ಇರಬೇಕು. ಎಂಆರ್4.5 ಅನ್ನಬೇಕಾದರೆ 32,000.

ಅವರ ಆ ಹಾಳೆಯನ್ನು ಕಿಟಕಿ ಹತ್ತಿರ ಹಿಡಿದು ಇಬ್ಬರೂ ಹುಡುಕಿದೆವು. ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಆರು ಸಾವಿರದ ಚಿಲ್ಲರೆ. ರಕ್ತ ದಾರಿಯಲ್ಲಿ ತಡವಾಗಿಯೋ ಬಿಸಿಲಿಗೆ ಸಿಕ್ಕಿಯೋ ಆರ್‌ಎನ್‌ಎ ಹಾಳಾದರೆ ಹೀಗಾಗುತ್ತದೆ. ಪೆನ್ಸಿಲ್ ಗೆರೆ ಎಳೆದಿದ್ದ ಆ ಸಾಲಿಗೆ ಅರ್ಥವೇ ಇರಲಿಲ್ಲ. ಅವರ ಮುಖ ಸಪ್ಪಗಾಯಿತು. ನನಗೂ ಬೇಜಾರಾಯಿತು. ಆದರೆ ಆ ಸಂಖ್ಯೆ ನೋಡದೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರೆ?

ಇನ್ನು, ಹಿಡಿ ಎಷ್ಟು ದೊಡ್ಡದಾದರೂ ಮೂಟೆ ಮೂಟೆಯೇ. ಆಸ್ಟ್ರೇಲಿಯಾದ ಅಡಿಲೇಡ್‌ನ ತಂಡ 2010ರಲ್ಲಿ ಆರ್‌ಎನ್‌ಎ ಬದಲು ಡಿಎನ್‌ಎ ಹುಡುಕುವ ಇನ್ನೂ ಸೂಕ್ಷ್ಮ ಪರೀಕ್ಷೆ ಮಾಡಿತು. ಮಾತ್ರೆ ಬಿಟ್ಟು ಆರಾಮಾಗಿದ್ದವರ ರಕ್ತದಲ್ಲೂ ಬಿಸಿಆರ್-ಎಬಿಎಲ್ ಸಿಕ್ಕಿತು. ಫ್ರಾನ್ಸಿನವರು ಇನ್ನೊಂದು ವಿಚಾರ ಗಮನಿಸಿದರು. ಮಾತ್ರೆ ನಿಲ್ಲಿಸಿದ ಕೆಲವರಲ್ಲಿ ಅದು ಸಣ್ಣ ಮಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣಿಸುತ್ತದೆ. ಮೇಲೆ ಏರುವುದೇ ಇಲ್ಲ.

ಇದಕ್ಕಿಂತ ಅಚ್ಚರಿಯ ಸಂಗತಿ 1990ರ ದಶಕದ್ದು. ಕ್ಯಾನ್ಸರೇ ಇಲ್ಲದ ಆರೋಗ್ಯವಂತರ ರಕ್ತದಲ್ಲೂ ತೀರಾ ಸೂಕ್ಷ್ಮವಾಗಿ ಹುಡುಕಿದರೆ ಬಿಸಿಆರ್-ಎಬಿಎಲ್ ಸಿಗುತ್ತದೆ ಎಂದು ಬೆಲ್ಜಿಯಂ ಮತ್ತು ಬ್ರಿಟನ್ನಿನ ಸಂಶೋಧಕರು ತೋರಿಸಿದ್ದರು. ಅವರಲ್ಲಿ ಬಹುತೇಕ ಯಾರಿಗೂ ಸಿಎಂಎಲ್ ಬರುವುದಿಲ್ಲ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಹಾಗಾದರೆ ಈ ತಪ್ಪು ಜೀನ್ ಹುಟ್ಟುವುದು ಅಷ್ಟೇನೂ ಅಪರೂಪವಲ್ಲ. ಅದು ಬೇರೂರಿ ಬೆಳೆಯುವುದು ಅಪರೂಪ.

ಐಡಿ ಕಾರ್ಡ್ ನೋಡುವ ಕೋಶ

ಸಿಎಂಎಲ್ ರೋಗನಿರೋಧಕ ವ್ಯವಸ್ಥೆಗೆ ಬಗ್ಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. 1990ರಲ್ಲಿ ಮ್ಯೂನಿಕ್‌ನ ಹಾನ್ಸ್ ಯೋಕೆಮ್ ಕೋಲ್ಬ್ ಮೂವರು ರೋಗಿಗಳ ಬಗ್ಗೆ ಬರೆದರು. ಮೂಳೆಮಜ್ಜೆ ಕಸಿ ಆದ ಮೇಲೂ ಮೂವರಿಗೂ ಸಿಎಂಎಲ್ ಮರಳಿತ್ತು. ಮಜ್ಜೆ ಕೊಟ್ಟವರಿಂದಲೇ ಬಿಳಿ ರಕ್ತಕಣ ತೆಗೆದು ಅವರಿಗೆ ಹಾಕಿದರು. ಕ್ಯಾನ್ಸರ್ ಹಿಂದೆ ಸರಿಯಿತು. ಇವತ್ತಿಗೂ ಈ ಚಿಕಿತ್ಸೆಗೆ ಬಾಗುವ ಬ್ಲಡ್ ಕ್ಯಾನ್ಸರುಗಳಲ್ಲಿ ಸಿಎಂಎಲ್‌ನದೇ ಮೊದಲ ಸಾಲು. ಇಮ್ಯಾಟಿನಿಬ್‌ಗೆ ಮುಂಚೆ ಕೊಡುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ ಕೂಡ ರೋಗನಿರೋಧಕ ಕೋಶಗಳನ್ನು ಎಬ್ಬಿಸುವಂಥದ್ದೇ. ಅದನ್ನು ನಿಲ್ಲಿಸಿದ ಮೇಲೂ ಬೆರಳೆಣಿಕೆಯ ಕೆಲವರು ಚೆನ್ನಾಗಿಯೇ ಇದ್ದರು.

ಈಗ ಕತೆಯ ಮುಖ್ಯ ಪಾತ್ರಕ್ಕೆ ಬರೋಣ: ಎನ್‌ಕೆ ಕೋಶ. ನ್ಯಾಚುರಲ್ ಕಿಲ್ಲರ್ ಅಂತ ಹೆಸರು. 1975ರಲ್ಲಿ ಗುರುತಿಸಿದ್ದು, ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಮತ್ತು ಅಮೆರಿಕದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ಮೈಮೇಲೆ ಎಂಎಚ್‌ಸಿ ಎಂಬ ಒಂದು ಗುರುತು ಹೊತ್ತಿರುತ್ತದೆ. ಕೊರಳಲ್ಲಿ ನೇತಾಡುವ ಐಡಿ ಕಾರ್ಡ್ ಅಂದುಕೊಳ್ಳಿ. ಟಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಆ ಕಾರ್ಡಿನಲ್ಲಿ ಏನು ಬರೆದಿದೆ ಎಂದು ಓದುತ್ತವೆ. ಎನ್‌ಕೆ ಕೋಶದ ಮೊದಲ ಪ್ರಶ್ನೆಯೇ ಬೇರೆ: ಕಾರ್ಡ್ ಇದೆಯೋ ಇಲ್ಲವೋ? ಇಲ್ಲದಿದ್ದರೆ ಹೊಡೆದು ಹಾಕುತ್ತದೆ. ಕ್ಲಾಸ್ ಕಾರೆ ಎಂಬ ಸ್ವೀಡಿಷ್ ವಿಜ್ಞಾನಿ 1980ರ ದಶಕದಲ್ಲಿ ಇದನ್ನು ಬಿಡಿಸಿ ಹೇಳಿದರು.

ಇಲ್ಲೊಂದು ಸಂಗತಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುತ್ತದೆ. ಪ್ರಪಂಚದ ಯಾವ ಮೂಲೆಯ ಲ್ಯಾಬಿನಲ್ಲಿ ಎನ್‌ಕೆ ಕೋಶದ ಶಕ್ತಿ ಅಳೆಯಬೇಕಾದರೂ ಬಹುಪಾಲು ಬಳಸುವುದು ಕೆ562 ಎಂಬ ಕೋಶಗಳನ್ನು. 1970ರ ದಶಕದಲ್ಲಿ 53 ವರ್ಷದ ಒಬ್ಬ ಮಹಿಳೆಯ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ತೆಗೆದವು ಅವು. ಅವರಿಗಿದ್ದದ್ದು ಸಿಎಂಎಲ್, ಕೊನೆಯ ಹಂತದ್ದು. ಕೆ562 ಮೈಮೇಲೆ ಐಡಿ ಕಾರ್ಡ್ ಇಲ್ಲ. ಗಾಜಿನ ತಟ್ಟೆಯಲ್ಲಿ ಎನ್‌ಕೆ ಕೋಶಗಳ ಜೊತೆ ಸೇರಿಸಿ 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೆ ಸಾಕು, ಎಷ್ಟು ಸತ್ತವು ಎಂದು ಎಣಿಸಬಹುದು. ಐವತ್ತು ವರ್ಷದಿಂದ ಎನ್‌ಕೆ ಕೋಶದ ಬಗ್ಗೆ ನಾವು ಕಲಿತದ್ದರಲ್ಲಿ ದೊಡ್ಡ ಪಾಲು ಒಬ್ಬ ಸಿಎಂಎಲ್ ರೋಗಿಯ ಕೋಶಗಳಿಂದ ಬಂದದ್ದು. ಹಾಗಂತ ಮಜ್ಜೆಯಲ್ಲಿ ಅಡಗಿರುವ ಸ್ಟೆಮ್ ಸೆಲ್ ಕೆ562 ಥರ ಸುಲಭದ ತುತ್ತಲ್ಲ. ಅದರ ಮೇಲೆ ಕಾರ್ಡ್ ಇರುತ್ತದೆ.

ರೋಗ ಗೊತ್ತಾಗುವ ಹೊತ್ತಿಗೆ ಸಿಎಂಎಲ್ ರೋಗಿಗಳಲ್ಲಿ ಎನ್‌ಕೆ ಕೋಶಗಳು ಸಂಖ್ಯೆಯಲ್ಲೂ ಕಡಿಮೆ, ಶಕ್ತಿಯಲ್ಲೂ ಸೋತಿರುತ್ತವೆ. ಟಿ ಕೋಶಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಜಾಸ್ತಿ ಒತ್ತಿಕೊಂಡಿರುತ್ತದೆ. ರೋಗನಿರೋಧಕ ವ್ಯವಸ್ಥೆಯನ್ನು ಅದುಮಿ ಹಿಡಿಯುವ ಕೋಶಗಳೂ ಹೆಚ್ಚಿರುತ್ತವೆ. ಮಾತ್ರೆ ಕೆಲಸ ಮಾಡಿ ಕ್ಯಾನ್ಸರ್ ಆಳಕ್ಕೆ ಇಳಿದಂತೆ ಇದೆಲ್ಲ ನಿಧಾನವಾಗಿ ಸರಿಹೋಗುತ್ತದೆ. ಅಡಿಲೇಡ್‌ನವರು 2017ರಲ್ಲಿ ಇದನ್ನು ಹಂತಹಂತವಾಗಿ ತೋರಿಸಿದರು. ಅಂದರೆ ಮಾತ್ರೆ ಎರಡು ಕೆಲಸ ಮಾಡುತ್ತದೆ. ಕ್ಯಾನ್ಸರ್ ಕೋಶಗಳನ್ನು ಇಳಿಸುವುದು ಒಂದು. ಹಾಗೆ ಇಳಿಸಿ, ನಮ್ಮ ಕಾವಲು ಕೋಶಗಳು ಚೇತರಿಸಿಕೊಳ್ಳಲು ಬಿಡುವು ಕೊಡುವುದು ಇನ್ನೊಂದು.

ಮಾತ್ರೆ ನಿಲ್ಲಿಸುವ ದಿನ ಎನ್‌ಕೆ ಕೋಶ ಯಾರಲ್ಲಿ ಜಾಸ್ತಿ ಇತ್ತು? ಇದೇ ಪ್ರಶ್ನೆಯನ್ನು ಬೇರೆಬೇರೆ ದೇಶದವರು ಕೇಳಿದರು. ಸ್ಟಿಮ್‌ನ ರೋಗಿಗಳನ್ನು ನೋಡಿದ ಫ್ರೆಂಚ್ ತಂಡ 2017ರಲ್ಲಿ ಹೇಳಿದ್ದು: ರೋಗ ಮರಳದವರಲ್ಲಿ ಕೊಲ್ಲುವ ಕೆಲಸಕ್ಕೆ ತಯಾರಾದ ಎನ್‌ಕೆ ಕೋಶಗಳು ಹೆಚ್ಚಿದ್ದವು. ಅದೇ ವರ್ಷ ಯೂರೋ-ಸ್ಕಿಯ ನಾರ್ಡಿಕ್ ದೇಶಗಳ ರೋಗಿಗಳಲ್ಲೂ ಅದೇ ಸಿಕ್ಕಿತು. ಬೇಗ ಮರಳಿದವರಲ್ಲಿ ಎನ್‌ಕೆ ಕೋಶಗಳು ಬಲಿತಿರಲಿಲ್ಲ. ಅಲ್ಲಿ ಟಿ ಕೋಶಗಳಲ್ಲೂ ಪ್ರತಿಕಾಯ ತಯಾರಿಸುವ ಬಿ ಕೋಶಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜಪಾನಿನ ಡಾಡಿ ಪರೀಕ್ಷೆ ಡಾಸಾಟಿನಿಬ್ ಎಂಬ ಎರಡನೇ ತಲೆಮಾರಿನ ಮಾತ್ರೆಯದ್ದು. ಅಲ್ಲೂ ಗೆದ್ದವರಲ್ಲಿ ಎನ್‌ಕೆ ಹೆಚ್ಚು, ಅದುಮುವ ಟಿ ಕೋಶಗಳು ಕಡಿಮೆ.

ಡಾಸಾಟಿನಿಬ್‌ದು ಇನ್ನೊಂದು ಸೋಜಿಗ. ಅದನ್ನು ನುಂಗಿದ ಒಂದೆರಡು ಗಂಟೆಯಲ್ಲೇ ಕೊಲ್ಲುವ ಕೋಶಗಳು ರಕ್ತಕ್ಕೆ ನುಗ್ಗುವುದನ್ನು ಹೆಲ್ಸಿಂಕಿಯ ಸತು ಮುಸ್ತ್‌ಯೋಕಿ ತಂಡ ಅಳೆದು ತೋರಿಸಿದೆ. ಸಿಎಂವಿ ಎಂಬ ಸಾಮಾನ್ಯ ವೈರಸ್ ಹಿಂದೆ ತಗುಲಿದವರಲ್ಲಿ ಈ ಏರಿಕೆ ಜಾಸ್ತಿ. ಮಾತ್ರೆ ಮತ್ತು ಹಳೆಯ ಸೋಂಕು ಎರಡೂ ಸೇರಿ ಒಬ್ಬೊಬ್ಬರ ದೇಹವನ್ನು ಒಂದೊಂದು ಥರ ತಯಾರು ಮಾಡುತ್ತವೆ.

ಇಷ್ಟಾದರೂ ಪೂರ್ತಿ ಒಪ್ಪಬಹುದೇ?

ನನ್ನ ಅಭಿಪ್ರಾಯ ಕೇಳಿದರೆ, ಎನ್‌ಕೆ ಕೋಶದ ಪಾತ್ರ ಇದೆ ಎಂದು ನಂಬುತ್ತೇನೆ. ಆದರೆ ಅದೊಂದೇ ಎಂದು ನಂಬುವುದಿಲ್ಲ. ಕಾರಣ ಹೇಳುತ್ತೇನೆ.

ಮಾತ್ರೆ ತೆಗೆದುಕೊಂಡ ವರ್ಷ ಹೆಚ್ಚಾದಂತೆ ಎರಡು ಬದಲಾವಣೆ ಒಟ್ಟಿಗೆ ಆಗುತ್ತವೆ. ಎನ್‌ಕೆ ಕೋಶ ಚೇತರಿಸಿಕೊಳ್ಳುತ್ತದೆ. ಉಳಿದ ಕ್ಯಾನ್ಸರ್ ಕೋಶವೂ ಸವೆಯುತ್ತದೆ. ರೋಗ ಮರಳದೆ ಇರುವುದು ಯಾವುದರಿಂದ? ಕಾವಲು ಗಟ್ಟಿಯಾಗಿದ್ದಕ್ಕೋ, ಕಳ್ಳರೇ ಇಲ್ಲವಾದದ್ದಕ್ಕೋ? ಎನ್‌ಕೆ ಹೆಚ್ಚಿರುವುದು ಗೆಲುವಿನ ಕಾರಣವಲ್ಲದೆ ಬರೀ ಗುರುತೂ ಆಗಿರಬಹುದು.

ಈ ಅನುಮಾನಕ್ಕೆ ಬಲ ಕೊಟ್ಟದ್ದು ಮತ್ತೆ ಅಡಿಲೇಡ್‌ನವರೇ. 2020ರಲ್ಲಿ ಅವರು ಮಾತ್ರೆ ಇಲ್ಲದೆ ಬಹಳ ಕಾಲದಿಂದ ಚೆನ್ನಾಗಿದ್ದ 20 ಜನರ ರಕ್ತದ ಕೋಶಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ಬಿಸಿಆರ್-ಎಬಿಎಲ್ ಹುಡುಕಿದರು. ಸಿಕ್ಕಿದ್ದು ಮುಖ್ಯವಾಗಿ ಬಿ ಕೋಶಗಳಲ್ಲಿ, ಅದಕ್ಕಿಂತ ಕಡಿಮೆ ಜನರ ಟಿ ಕೋಶಗಳಲ್ಲಿ. ಗ್ರ್ಯಾನುಲೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಒಬ್ಬರಲ್ಲೂ ಸಿಗಲಿಲ್ಲ. ಇದರ ಅರ್ಥ ದೊಡ್ಡದು. ಸಿಎಂಎಲ್ ಸ್ಟೆಮ್ ಸೆಲ್ ಎಚ್ಚರವಾಗಿದ್ದು ಕೆಲಸ ಮಾಡುತ್ತಿದ್ದರೆ ಗ್ರ್ಯಾನುಲೋಸೈಟ್ ಹುಟ್ಟಲೇಬೇಕು. ಅವು ಕೆಲವೇ ದಿನ ಬದುಕುವ ಕೋಶಗಳು. ಬಿ ಮತ್ತು ಟಿ ಕೋಶಗಳು ಹಾಗಲ್ಲ, ವರ್ಷಗಟ್ಟಲೆ ಉಳಿಯುತ್ತವೆ. ಹಾಗಾಗಿ ಈ ಜನರಲ್ಲಿ ಸಿಕ್ಕಿದ್ದು ಹಳೆಯ ಕಾಯಿಲೆಯ ಪಳೆಯುಳಿಕೆ ಆಗಿರಬಹುದು. ಕಾವಲು ಹಿಡಿದು ನಿಲ್ಲಿಸಿದ ಕ್ಯಾನ್ಸರ್ ಆಗಿರಲಿಕ್ಕಿಲ್ಲ. ಇಂಥ ಕೆಲವರಲ್ಲಿ ಕಾಯಿಲೆ ನಿಜಕ್ಕೂ ಮುಗಿದಿರುವ ಸಾಧ್ಯತೆ ಇದೆ.

ಇನ್ನೊಂದು ಕಡೆ, ಎರಡು ವರ್ಷ ಚೆನ್ನಾಗಿದ್ದು ಆಮೇಲೆ ಮರಳಿದವರೂ ಇದ್ದಾರೆ. ಯೂರೋ-ಸ್ಕಿಯಲ್ಲಿ ಮೂರು ವರ್ಷದ ಲೆಕ್ಕ ನೂರಕ್ಕೆ 46ಕ್ಕೆ ಇಳಿಯಿತು. ಅವರಲ್ಲಿ ಬೇರು ಇತ್ತು, ಅಷ್ಟು ಕಾಲ ಯಾರೋ ಹಿಡಿದಿದ್ದರು, ಹಿಡಿತ ಸಡಿಲಾಯಿತು ಅಂದುಕೊಳ್ಳುವುದು ಸಹಜ. ಒಂದೇ ಹೆಸರಿನ ರೆಮಿಷನ್ ಒಳಗೆ ಬೇರೆಬೇರೆ ಕತೆಗಳಿವೆ ಅಂತ ನನಗನ್ನಿಸುತ್ತದೆ.

ಜರ್ಮನಿಯ ಡ್ರೆಸ್ಡೆನ್ ನಗರದ ಗಣಿತದ ತಂಡವೊಂದು ಇದನ್ನೇ ಲೆಕ್ಕಕ್ಕೆ ಇಳಿಸಿತು. ಮಾತ್ರೆ ನಿಲ್ಲಿಸಿದ 21 ರೋಗಿಗಳ ಪಿಸಿಆರ್ ಅಂಕಿಗಳನ್ನು ಇಟ್ಟುಕೊಂಡು ಅವರನ್ನು ಮೂರು ಗುಂಪು ಮಾಡಿತು. ಒಂದು ಗುಂಪಿನಲ್ಲಿ ರೋಗನಿರೋಧಕ ಹಿಡಿತ ಸಾಲದು, ಮಾತ್ರೆ ನಿಂತರೆ ರೋಗ ಮರಳುತ್ತದೆ. ಇನ್ನೊಂದರಲ್ಲಿ ಹಿಡಿತ ಗಟ್ಟಿ, ಕ್ಯಾನ್ಸರ್ ಒಂದು ಮಟ್ಟಕ್ಕೆ ಇಳಿದರೆ ಸಾಕು, ಉಳಿದದ್ದನ್ನು ದೇಹವೇ ನೋಡಿಕೊಳ್ಳುತ್ತದೆ. ಮೂರನೆಯದು ಸೂಕ್ಷ್ಮ. ಕ್ಯಾನ್ಸರ್ ಜಾಸ್ತಿಯಿದ್ದರೆ ಅದು ಕಾವಲು ಕೋಶಗಳನ್ನು ಅದುಮುತ್ತದೆ. ತೀರಾ ಕಡಿಮೆಯಾದರೆ ಕಾವಲು ಕೋಶಗಳಿಗೆ ಅದು ಕಣ್ಣಿಗೇ ಬೀಳುವುದಿಲ್ಲ, ಎಚ್ಚರ ತಪ್ಪುತ್ತವೆ. ನಡುವಿನ ಒಂದು ಕಿಂಡಿಯಲ್ಲಿ ಮಾತ್ರ ಅವು ಚುರುಕಾಗಿರುತ್ತವೆ. ಇದು ಕಂಪ್ಯೂಟರ್ ಲೆಕ್ಕ, 21 ಜನರದ್ದು, ಅಷ್ಟೇ ಎಂದು ನೆನಪಿಡಬೇಕು. ಆದರೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಮೊದಲು ಅರ್ಧಕ್ಕೆ ಇಳಿಸುವುದು ಯಾಕೆ ಸಹಾಯ ಮಾಡಬಹುದು ಅನ್ನುವುದಕ್ಕೆ ಇದು ಒಂದು ವಿವರಣೆ. ಬ್ರಿಟನ್ನಿನ ಡೆಸ್ಟಿನಿ ಪರೀಕ್ಷೆಯಲ್ಲಿ ಒಂದು ವರ್ಷ ಅರ್ಧ ಡೋಸ್ ಕೊಟ್ಟು ಆಮೇಲೆ ನಿಲ್ಲಿಸಿದರು. ಎಂಆರ್4 ಮಟ್ಟದಲ್ಲಿದ್ದವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 72 ಮಂದಿಗೆ ರೋಗ ಮರಳಿರಲಿಲ್ಲ. ನೇರವಾಗಿ ನಿಲ್ಲಿಸಿದ ಪರೀಕ್ಷೆಗಳಿಗಿಂತ ಈ ಸಂಖ್ಯೆ ಚೆನ್ನಾಗಿದೆ. ಎರಡನ್ನೂ ಒಂದೇ ಪರೀಕ್ಷೆಯೊಳಗೆ ಚೀಟಿ ಎತ್ತಿ ಹೋಲಿಸಿದ್ದಲ್ಲ ಎಂಬುದೂ ನಿಜ.

ಇಲ್ಲಿ ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಎನ್‌ಕೆ ಕೋಶ ಎಣಿಸಿ "ನೀವು ಮಾತ್ರೆ ಬಿಡಬಹುದು" ಎಂದು ಹೇಳುವ ಪರೀಕ್ಷೆ ಇನ್ನೂ ಇಲ್ಲ. ಗೆದ್ದವರ ಸರಾಸರಿ ಹೆಚ್ಚು, ಸೋತವರದ್ದು ಕಡಿಮೆ, ಅಷ್ಟೇ ಗೊತ್ತಿರುವುದು. ಒಬ್ಬ ವ್ಯಕ್ತಿಯ ಸಂಖ್ಯೆ ಹಿಡಿದು ಭವಿಷ್ಯ ಹೇಳಲಾಗದು. ಅಂಥ ಪರೀಕ್ಷೆಗೆ ದುಡ್ಡು ಸುರಿಯಬೇಡಿ. "ಇಮ್ಯೂನಿಟಿ ಬೂಸ್ಟರ್" ಎಂದು ಮಾರುವ ಪುಡಿ, ಕಷಾಯ, ಹನಿಗಳು ಸಿಎಂಎಲ್‌ನಲ್ಲಿ ಮಾತ್ರೆಯ ಜಾಗ ತುಂಬುತ್ತವೆ ಅನ್ನುವುದಕ್ಕೂ ಆಧಾರವಿಲ್ಲ. ಕೆಲವು ಗಿಡಮೂಲಿಕೆಗಳು ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ ಇಮ್ಯಾಟಿನಿಬ್ ಅನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ ಎಂಬುದು ಅಳೆದು ನೋಡಿದ ವಿಷಯ. ಏನೇ ತೆಗೆದುಕೊಳ್ಳುವುದಿದ್ದರೂ ಮೊದಲು ಡಾಕ್ಟರಿಗೆ ಹೇಳಿ.

ನಮ್ಮಲ್ಲಿ ಇದು ಯಾಕೆ ಬೇರೆ ಥರ

ಯೂರೋಪಿನಲ್ಲಿ ಸಿಎಂಎಲ್ ಬರುವವರು ಹೆಚ್ಚಾಗಿ 55 ದಾಟಿದವರು. ಭಾರತದ ಆಸ್ಪತ್ರೆಗಳ ಲೆಕ್ಕದಲ್ಲಿ ನಡುವಯಸ್ಸು 35ರಿಂದ 40ರ ಆಸುಪಾಸು. ಮದುವೆ, ಮಗು, ದುಡಿಮೆಯ ವಯಸ್ಸು. ನಲವತ್ತು ವರ್ಷ ದಿನಾ ಮಾತ್ರೆ ನುಂಗಬೇಕಾದವರು ನಮ್ಮಲ್ಲೇ ಜಾಸ್ತಿ. ಹಾಗಾಗಿ ನಿಲ್ಲಿಸಲು ಸಾಧ್ಯವೇ ಎಂಬ ಪ್ರಶ್ನೆ ನಮಗೆ ಜಾಸ್ತಿ ಬೇಕಾದದ್ದು.

ನಿಲ್ಲಿಸುವುದು ಅಂದರೆ ಮಾತ್ರೆ ನಿಲ್ಲಿಸುವುದು ಮಾತ್ರ, ಪರೀಕ್ಷೆ ನಿಲ್ಲಿಸುವುದಲ್ಲ. ಅಮೆರಿಕದ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಮೂರು ವರ್ಷ ಮಾತ್ರೆ ತೆಗೆದುಕೊಂಡು, ಎರಡು ವರ್ಷ ಎಂಆರ್4 ಮಟ್ಟದಲ್ಲೋ ಅದಕ್ಕಿಂತ ಆಳದಲ್ಲೋ ಇದ್ದಿರಬೇಕು. ಯೂರೋಪಿನದು ಇನ್ನೂ ಬಿಗಿ. ನಿಲ್ಲಿಸಿದ ಮೇಲೆ ಮೊದಲ ಆರು ತಿಂಗಳು ಪ್ರತಿ ತಿಂಗಳು ಪಿಸಿಆರ್. ಆಮೇಲೆ ವರ್ಷ ತುಂಬುವವರೆಗೆ ಎರಡು ತಿಂಗಳಿಗೊಮ್ಮೆ. ಮುಂದೆ ಮೂರು ತಿಂಗಳಿಗೊಮ್ಮೆ, ಬಿಡದೆ. ಮೊದಲ ವರ್ಷ ಒಂಬತ್ತು ಪರೀಕ್ಷೆ. 0.1 ದಾಟಿದರೆ ತಡ ಮಾಡದೆ ಮಾತ್ರೆ ಮತ್ತೆ ಶುರು. ಹಾಗೆ ಶುರುಮಾಡಿದವರಲ್ಲಿ ಬಹುತೇಕ ಎಲ್ಲರಿಗೂ ಕಾಯಿಲೆ ಮತ್ತೆ ಹಿಡಿತಕ್ಕೆ ಬಂದಿದೆ. ರೋಗ ಒಮ್ಮೆಲೇ ಉಗ್ರ ಹಂತಕ್ಕೆ ಹೋದ ಪ್ರಸಂಗಗಳು ತೀರಾ ವಿರಳ, ಆದರೆ ಇವೆ. ಪರೀಕ್ಷೆ ಬಿಡಬಾರದು ಅನ್ನುವುದು ಅದಕ್ಕೇ.

ಜೆನೆರಿಕ್ ಇಮ್ಯಾಟಿನಿಬ್ ಅಗ್ಗವಾದ ಮೇಲೆ ಒಂದು ವಿಚಿತ್ರ ಪರಿಸ್ಥಿತಿ ಬಂದಿದೆ. ಒಂದು ತಿಂಗಳ ಮಾತ್ರೆಗಿಂತ ಒಂದು ಪಿಸಿಆರ್‌ಗೇ ಎಷ್ಟೋ ಸಲ ಖರ್ಚು ಜಾಸ್ತಿ. ಬೀದರ್, ರಾಯಚೂರಿನ ಕಡೆಯವರು ಬೆಂಗಳೂರಿನ ಕಿದ್ವಾಯಿಗೆ ಬರಬೇಕೆಂದರೆ ರಾತ್ರಿ ಬಸ್ಸು, ಒಂದು ದಿನದ ಕೂಲಿ, ಜೊತೆಗೊಬ್ಬರು. ವರ್ಷಕ್ಕೆ ಒಂಬತ್ತು ಸಲ ಇದನ್ನು ಮಾಡುವುದು ಎಷ್ಟು ಮನೆಗಳಿಗೆ ಸಾಧ್ಯ? ಎನ್‌ಕೆ ಕೋಶದ ಸಂಶೋಧನೆ ನಮಗೆ ಉಪಯೋಗಕ್ಕೆ ಬರಬೇಕಾದರೆ ಜಿಲ್ಲೆಗಳಲ್ಲಿ ನಂಬಬಹುದಾದ ಪಿಸಿಆರ್ ಮೊದಲು ಬರಬೇಕು. ಔಷಧಿಯ ಬೆಲೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ದೇಶ ಪರೀಕ್ಷೆಯ ಬೆಲೆಯ ಬಗ್ಗೆ ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ.

ಟೀಚರ್ ಮತ್ತೆ ಎರಡು ಸಲ ರಕ್ತ ಕೊಟ್ಟರು. ಎರಡು ಸಲವೂ ಎಬಿಎಲ್ ಸಂಖ್ಯೆ 32,000ಕ್ಕಿಂತ ಮೇಲಿತ್ತು, ಬಿಸಿಆರ್-ಎಬಿಎಲ್ ಪತ್ತೆಯಾಗಲಿಲ್ಲ. ಹಿಂದಿನ ನಾಲ್ಕು ವರ್ಷದ ರಿಪೋರ್ಟುಗಳೂ ಗಟ್ಟಿಯಾಗಿದ್ದವು. ಅವರ ಡಾಕ್ಟರ್ ಎಲ್ಲ ನೋಡಿ ಮಾತ್ರೆ ನಿಲ್ಲಿಸಿದರು. ಮೂರನೇ ವಾರ ಭುಜ, ಮೊಣಕಾಲು ನೋವು ಶುರುವಾಯಿತು. ಕಾಯಿಲೆ ಮರಳಿತೆಂದು ಗಾಬರಿಯಾಗಿ ಫೋನ್ ಮಾಡಿದರು. ಇದು ಮಾತ್ರೆ ಬಿಟ್ಟಾಗ ಹತ್ತರಲ್ಲಿ ಮೂವರಿಗೆ ಬರುವ ನೋವು, 2014ರಲ್ಲಿ ಸ್ವೀಡನ್ನಿನವರು ಮೊದಲು ಬರೆದದ್ದು. ಕ್ಯಾನ್ಸರ್ ಮರಳಿದ ಲಕ್ಷಣವಲ್ಲ. ಡಾಕ್ಟರ್ ಪ್ಯಾರಾಸಿಟಮಾಲ್ ಕೊಟ್ಟರು. ಈಗ ಕಡಿಮೆಯಾಗಿದೆ.

ಇದು ನಾಲ್ಕನೇ ತಿಂಗಳು. ಸ್ಟಿಮ್‌ನ ಆ 40 ಜನರ ಆರು ತಿಂಗಳು ಇನ್ನೂ ದಾಟಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ರಕ್ತ ತೆಗೆಸುತ್ತಾರೆ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಅವರ ತಮ್ಮ ಐಸ್ ಪ್ಯಾಕಿನ ಡಬ್ಬಿಯಲ್ಲಿಟ್ಟುಕೊಂಡು ಎಂಟರ ಬಸ್ಸಿಗೆ ಹತ್ತುತ್ತಾನೆ. ಈ ಸಲ ರಿಪೋರ್ಟ್ ಬಂದರೆ ಮೊದಲು ಕೆಳಗಿನ ಸಣ್ಣ ಅಕ್ಷರ ಓದುತ್ತೇನೆ ಅಂತ ಅವರೇ ಹೇಳಿದ್ದಾರೆ.